ಹವಾಲ್ದಾರ ಸಾಹೇಬರು ಗಾಡಿ ತಿರುಗಿಸಿದ ದಿನ

ಹವಾಲ್ದಾರ ಸಾಹೇಬರು ತೀರಿಕೊಂಡರು ಎಂದು ಕಮಲಾಪುರದಿಂದ ಫೋನ್ ಬಂದಾಗ ನಾನು ಕಲಬುರಗಿಯ ನಮ್ಮ ಮನೆಯ ಅಂಗಳದಲ್ಲಿ ನಿಂತಿದ್ದೆ. ಅಳು ಬರಬೇಕಿತ್ತು. ಆದರೆ ಕಿವಿಯಲ್ಲಿ ಮೊದಲು ಕೇಳಿಸಿದ್ದು ಅವರ ಟೆಂಪೋದ ಹಾರ್ನ್. ಅದರ ಹಿಂದೆಯೇ ಅವರ ಗಂಟಲು: "ಹತ್ರಿ ಹತ್ರಿ, ಗಾಡಿ ತಯಾರ ಅದ, ಮಂದೀನೇ ತಯಾರಿಲ್ಲ." ನಾನು ನಕ್ಕುಬಿಟ್ಟೆ. ಅವರ ವಿಷಯ ತಣ್ಣಗೆ ಕೂತು ಹೇಳುವುದು ನನ್ನಿಂದ ಆಗುವುದಿಲ್ಲ. ನೆನೆದರೆ ಈಗಲೂ ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಅವರ ಪಕ್ಕದ ಸೀಟಿನಲ್ಲಿ ಕೂತು ಹೊರಟ ಹಾಗೆ.

ಕಮಲಾಪುರದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋದ ಹೊಸದರಲ್ಲಿ ನಾನು ಬಾಡಿಗೆಗೆ ಹಿಡಿದ ಕೋಣೆ ಅವರ ಮನೆಗೆ ಎದುರಾಗಿತ್ತು. ಸೈನ್ಯದಲ್ಲಿ ಲಾರಿ ಡ್ರೈವರಾಗಿದ್ದು, ಹವಾಲ್ದಾರರಾಗಿ ನಿವೃತ್ತರಾಗಿ, ಊರಿಗೆ ಬಂದು ಟೆಂಪೋ ಕೊಂಡಿದ್ದರು. ಕಮಲಾಪುರದಿಂದ ಕಲಬುರಗಿಗೆ, ಕಲಬುರಗಿಯಿಂದ ಕಮಲಾಪುರಕ್ಕೆ, ನಡುವೆ ಮಹಾಗಾಂವ ಕ್ರಾಸಿನಲ್ಲಿ ಚಹಾಕ್ಕೆ ನಿಲುಗಡೆ. ರಜೆ ಬಂದರೆ ನಾನು ಕೋಟೆ ಹತ್ತಿರದ ತವರುಮನೆಗೆ ಹೋಗುತ್ತಿದ್ದದ್ದು ಅವರ ಗಾಡಿಯಲ್ಲೇ.

ಆ ಗಾಡಿಗೆ ತನ್ನದೇ ಕಾನೂನಿತ್ತು. ಹೊರಡುವ ಮೊದಲು ಅವರು ಸುತ್ತಲೂ ನಡೆದು ಒಂದೊಂದೇ ಚಕ್ರವನ್ನು ಕಾಲಿನಿಂದ ಒದ್ದು ನೋಡುತ್ತಿದ್ದರು. ಆಮೇಲೆ ಜನರನ್ನು ಕೂರಿಸುತ್ತಿದ್ದರು. "ದವಾಖಾನಿಗಿ ಹೋಗೋರು ಮುಂದ ಬರ್ರಿ. ಕಾಲೇಜಿನ ಹುಡುಗೂರು ನಡುವ. ಜಗಳಾಡೋರು ಹಿಂದ, ಅಲ್ಲಿ ಕುಲುಕು ಭಾಳ, ತಾನೇ ಬಾಯಿ ಮುಚ್ಚತಾವ." ಮುದುಕಿಯರು ಹತ್ತಿದರೆ ಸೆಲ್ಯೂಟ್. ಮಹಾಗಾಂವದ ಒಬ್ಬ ಅಜ್ಜಿ ಆ ಸೆಲ್ಯೂಟಿಗಾಗಿಯೇ ಬಸ್ಸು ಬಿಟ್ಟು ಇವರ ಟೆಂಪೋಕ್ಕೆ ಕಾಯುತ್ತಿದ್ದಳು. ಅವರು ಯಾರನ್ನೂ ಹಿಂದೆ ಹಾಕುತ್ತಿರಲಿಲ್ಲ, ಆದರೂ ಎಲ್ಲರಿಗಿಂತ ಮೊದಲೇ ಮುಟ್ಟುತ್ತಿದ್ದರು. ಅದು ಹೇಗೆಂದು ಕೇಳಿದರೆ, "ಅಕ್ಕೋರ, ಬ್ರೇಕ್ ಕಾಲಾಗ ಇರಂಗಿಲ್ರಿ, ಕಣ್ಣಾಗ ಇರ್ತದ" ಎಂದು ಹೇಳಿ ಕಣ್ಣು ಮಿಟುಕಿಸುತ್ತಿದ್ದರು.

ಯುದ್ಧದ ಕತೆ ಹೇಳಿ ಎಂದು ಜನ ಗಂಟುಬೀಳುತ್ತಿದ್ದರು. ಹೇಳುತ್ತಿದ್ದರು, ಆದರೆ ಬರೀ ನಗಿಸುವಂಥವು. ಹಿಮದಲ್ಲಿ ಉಳ್ಳಾಗಡ್ಡಿ ಕಲ್ಲಾಗಿ ಅದನ್ನು ಸುತ್ತಿಗೆಯಿಂದ ಒಡೆದದ್ದು. ಮೇಲಧಿಕಾರಿಯ ಟೊಪ್ಪಿಗೆಯನ್ನು ಹೇಸರಗತ್ತೆ ತಿಂದದ್ದು. ಬೇಯಿಸಿದ ತತ್ತಿ ಹೆಪ್ಪುಗಟ್ಟಿದ್ದಕ್ಕೆ ಅದರಲ್ಲೇ ಕ್ರಿಕೆಟ್ ಆಡಿದ್ದು. ಒಂದು ಸಲ ಗಣರಾಜ್ಯೋತ್ಸವಕ್ಕೆ ನಮ್ಮ ಶಾಲೆಗೆ ಕರೆದಿದ್ದೆವು. ಎಂಟನೇ ತರಗತಿಯ ಒಬ್ಬಳು ಎದ್ದು, "ನೀವು ಎಷ್ಟು ವೈರಿಗಳನ್ನ ಕೊಂದೀರಿ?" ಎಂದು ಕೇಳಿದಳು. ಹೆಡ್‌ಮಾಸ್ಟರು ಗಾಬರಿಯಾದರು. ಹವಾಲ್ದಾರರು ಮೈಕನ್ನು ಸರಿಮಾಡಿಕೊಂಡು ಹೇಳಿದರು: "ನಾ ಡ್ರೈವರ ಇದ್ದೆವ್ವಾ. ನನ್ನ ಕೆಲಸ ಮುಟ್ಟಸೋದು. ಎಷ್ಟು ಮಂದೀನ ಮುಟ್ಟಿಸೀದಿ ಅಂತ ಕೇಳು, ಹೇಳ್ತೀನಿ." ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ಮಾತ್ರ ಆ ಲೆಕ್ಕ ಹೇಳದೆ ಕೆಳಗಿಳಿದು ಕೂತುಬಿಟ್ಟರು.

ಮಗಳು ಸಬಿಹಾ ಒಬ್ಬಳೇ ಸಂತಾನ. ಡಿಗ್ರಿ ಓದುತ್ತಿದ್ದಳು. ಸೈನ್ಯಕ್ಕೆ ಸೇರುತ್ತೇನೆ ಎಂದು ಹಟ ಹಿಡಿದಿದ್ದಳು. ಚಾಚಿ, ಅಂದರೆ ಸಾಹೇಬರ ಹೆಂಡತಿ, ಆ ಮಾತು ಎತ್ತಿದರೆ ಪಾತ್ರೆಗಳನ್ನು ಕುಕ್ಕುತ್ತಿದ್ದರು. "ಒಬ್ಬರು ಹೋಗಿ ಬಂದದ್ದು ಸಾಕಾಗಿಲ್ಲೇನು ಈ ಮನಿಗಿ? ಅರ್ಧಾ ಮನಷ್ಯಾನ ಕಳಿಸ್ಯಾರ ವಾಪಸ್, ಅರ್ಧಾ ಅಲ್ಲೇ ಇಟಗೊಂಡಾರ." ಸಾಹೇಬರು ಹೌದು ಎನ್ನುತ್ತಿರಲಿಲ್ಲ, ಬೇಡ ಎನ್ನುತ್ತಿರಲಿಲ್ಲ. ಆದರೆ ಬೆಳಿಗ್ಗೆ ಬಾಳೆತೋಟದ ದಾರಿಯಲ್ಲಿ ಮಗಳು ಓಡುವಾಗ ಹಿಂದೆ ಸೈಕಲ್ ಹೊಡೆಯುತ್ತ ಹೋಗುತ್ತಿದ್ದರು. ಚಾಚಿ ಬೈದರೆ, "ಓಡಲಿ ಬಿಡು. ಓಡೋದು ಎಲ್ಲಿದ್ರೂ ಕೆಲಸಕ್ಕ ಬರ್ತದ" ಎನ್ನುವರು. ನಾನು ಅವಳಿಗೆ ಸಂಜೆ ಲೆಕ್ಕ, ವಿಜ್ಞಾನ ಹೇಳಿಕೊಡುತ್ತಿದ್ದೆ. ಚುರುಕು ಹುಡುಗಿ. ಉತ್ತರ ಗೊತ್ತಿದ್ದರೆ ಕೂತಲ್ಲಿಂದ ಅರ್ಧ ಏಳುತ್ತಿದ್ದಳು.

ಸೈನ್ಯದ ಭರ್ತಿ ಪರೀಕ್ಷೆಯ ಕೇಂದ್ರ ಕಲಬುರಗಿಯಲ್ಲಿ ಬಿತ್ತು. ಅಂದು ರಜೆ, ನಾನೂ ಊರಿಗೆ ಹೊರಟಿದ್ದೆ. ಬೆಳಿಗ್ಗೆ ಟೆಂಪೋ ತುಂಬಿತ್ತು. ಸಬಿಹಾ ನನ್ನ ಪಕ್ಕದಲ್ಲಿ ಕೂತು ತುಟಿಯಲ್ಲೇ ಸೂತ್ರಗಳನ್ನು ಹೇಳಿಕೊಳ್ಳುತ್ತಿದ್ದಳು. ಚಾಚಿ ಸಿಟ್ಟಿನಲ್ಲಿದ್ದರೂ ಡಬ್ಬಿ ಕಟ್ಟಿ ಕೊಟ್ಟಿದ್ದರು. ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು, ರಸ್ತೆ ಬದಿಯ ತೊಗರಿ ಹೊಲದ ಅಂಚಿನಲ್ಲಿ ಒಂದು ಮೋಟರ್‌ಸೈಕಲ್ ಬಿದ್ದಿತ್ತು. ಗಂಡಸೊಬ್ಬನ ತೊಡೆ ಸೀಳಿ ರಕ್ತ ಮಣ್ಣಿಗೆ ಹರಿಯುತ್ತಿತ್ತು. ಅವನ ಹೆಂಡತಿ ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತಿದ್ದಳು. ನಮ್ಮ ಮುಂದಿದ್ದ ಕಾರೊಂದು ಅವಳನ್ನು ಬಳಸಿ ಹೋಯಿತು. ಅದರ ಹಿಂದಿನದೂ ಹೋಯಿತು.

ಸಾಹೇಬರು ಬ್ರೇಕ್ ಒತ್ತಿದರು. ನಾವೆಲ್ಲ ಮುಂದಕ್ಕೆ ಮುಗ್ಗರಿಸಿದೆವು. ಗಾಡಿ ನಿಂತಿತು. ಆಮೇಲೆ ಅವರು ಇಳಿಯಲಿಲ್ಲ.

ಎರಡೂ ಕೈಯಿಂದ ಸ್ಟೇರಿಂಗ್ ಹಿಡಿದು ನೇರ ಮುಂದೆ ನೋಡುತ್ತ ಕೂತಿದ್ದರು. "ಸಾಹೇಬ್ರ, ಇಳೀರಿ" ಎಂದೆ. ಕೇಳಿಸಿದಂತೆ ಕಾಣಲಿಲ್ಲ. ಹಿಂದಿನ ಸೀಟಿನಿಂದ ಒಬ್ಬರು, "ನಡೀರಿ ಸಾಹೇಬ್ರ, ಪೊಲೀಸ್ ಕೇಸ್ ಆಗ್ತದ. ಮಗಳ ಪರೀಕ್ಷಾ ಅದ. ಹಿಂದ ಯಾರರೆ ಬರ್ತಾರ" ಎಂದರು. ಸಾಹೇಬರ ಕೈ ಸ್ಟೇರಿಂಗ್ ಬಿಡಲಿಲ್ಲ. ಹಿಮದ ಘಾಟಿಯಲ್ಲಿ ಲಾರಿ ಓಡಿಸಿದ ಕೈ. ತಿರುಗದೆಯೇ ಮೆಲ್ಲಗೆ, "ಬೇಟಿ, ನೀ ಹೇಳು" ಎಂದರು.

ಬೇಟಿ ಸೀಟಿನಲ್ಲಿರಲಿಲ್ಲ. ಆಗಲೇ ಬಾಗಿಲು ತೆಗೆದು ಹಾರಿದ್ದಳು. ತನ್ನ ದುಪಟ್ಟಾ ಮಡಚಿ ಅವನ ತೊಡೆಗೆ ಒತ್ತಿ ಕೂತು, ಅಲ್ಲಿಂದಲೇ ಕೂಗಿದಳು: "ಅಬ್ಬಾ, ಗಾಡಿ ಪಲ್ಟಾವ್." ಗಾಡಿ ತಿರುಗಿಸಿ. ಕಮಲಾಪುರದ ಆಸ್ಪತ್ರೆಯೇ ಹತ್ತಿರ, ಆದರೆ ಅದು ಹಿಂದಕ್ಕೆ. ಕಲಬುರಗಿ ಮುಂದಕ್ಕೆ.

ಅಷ್ಟು ಕೇಳಿದ್ದೇ, ಮನುಷ್ಯನಿಗೆ ಜೀವ ಬಂತು. ಇಳಿದರು. ಜೋರು ದನಿಯಲ್ಲಿ ಹುಕುಂ ಶುರು. "ನೀವು ಕಾಲ ಹಿಡೀರಿ. ನೀವು ಸೊಂಟ. ಅಕ್ಕೋರ, ಆ ಹೆಣಮಗಳನ್ನ ನೀವು ನೋಡ್ಕೋರಿ. ಉಳಿದವ್ರು ಇಳೀರಿ, ಬಸ್ ಬರ್ತದ." ನಡೀರಿ ಎಂದಿದ್ದವರೇ ಮೊದಲು ಬಂದು ಕಾಲು ಹಿಡಿದರು. ಹಿಂದಿನ ಸೀಟಿನಲ್ಲಿ ಅವನನ್ನು ಮಲಗಿಸಿದೆವು. ಕೆಳಗೆ ಉಳಿದ ಹೆಂಗಸೊಬ್ಬಳು, "ನೀ ನಮ್ಮ ಕೂಡ ಬಾರವ್ವ, ನಿನ್ನ ಪರೀಕ್ಷಾ ತಪ್ಪತದ" ಎಂದು ಸಬಿಹಾಳ ತೋಳು ಹಿಡಿದಳು. ಸಬಿಹಾ ತಲೆ ಎತ್ತಲಿಲ್ಲ. "ಕೈ ತಗದ್ರ ರಕ್ತ ಹರೀತದ್ರಿ" ಎಂದಳು, ಅಷ್ಟೇ.

ಆ ಸವಾರಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಯಾರನ್ನೂ ಹಿಂದೆ ಹಾಕದ ಮನುಷ್ಯ ಹಗಲಿನಲ್ಲೇ ಹೆಡ್‌ಲೈಟ್ ಹಾಕಿ, ಹಾರ್ನಿನ ಮೇಲೆ ಕೈಯಿಟ್ಟು, ಬಾಳೆಗೊನೆ ತುಂಬಿದ ಲಾರಿಗಳನ್ನು, ಬಸ್ಸುಗಳನ್ನು ಒಂದರ ಹಿಂದೊಂದು ಬಿಟ್ಟು ಹಾರಿದರು. ಗುಂಡಿ ಬಂದಲ್ಲಿ ಮಾತ್ರ ಗಾಡಿ ಹೂವಿನಂತೆ ಇಳಿದು ಏಳುತ್ತಿತ್ತು, ಹಿಂದೆ ಮಲಗಿದವನಿಗೆ ಒಂದು ಕುಲುಕೂ ಹತ್ತದ ಹಾಗೆ. ನಾನು ಆ ಹೆಂಗಸನ್ನು ಅಪ್ಪಿ ಹಿಡಿದು ಕೂತಿದ್ದೆ. ನನಗೆ ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಝುಂ ಎನ್ನುತ್ತಿತ್ತು. ಸಾಹೇಬರ ಕಣ್ಣು ಮಾತ್ರ ರಸ್ತೆಯಿಂದ ಕನ್ನಡಿಗೆ, ಕನ್ನಡಿಯಿಂದ ರಸ್ತೆಗೆ ಓಡಾಡುತ್ತಿತ್ತು. ಕನ್ನಡಿಯಲ್ಲಿ ಕಾಣುತ್ತಿದ್ದದ್ದು ಎರಡೂ ಕೈ ಒತ್ತಿ ಬಾಗಿ ಕೂತ ಮಗಳು. ಅವರ ಗಡ್ಡ ಒದ್ದೆಯಾಗಿದ್ದನ್ನು ನಾನು ನೋಡಿದೆ.

ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ನೋಡಿ, "ಇದನ್ನ ಒತ್ತಿ ಹಿಡಿದೋರು ಯಾರು?" ಎಂದರು. ಸಬಿಹಾ ತರಗತಿಯಲ್ಲಿದ್ದಂತೆ ಕೈ ಎತ್ತಿದಳು. "ಹಿಡೀದಿದ್ರ ಇವರು ಇಲ್ಲಿತನಕ ಬರ್ತಿರಲಿಲ್ಲ" ಎಂದರು ಅವರು. ಹೊರಗೆ ಬಂದು ನೋಡಿದರೆ ಸಾಹೇಬರು ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಕೈ ತೊಳೆಯುತ್ತಿದ್ದರು. ಅವರ ಕೈಗೆ ರಕ್ತ ಹತ್ತಿರಲಿಲ್ಲ. ಆದರೂ ತೊಳೆಯುತ್ತಲೇ ಇದ್ದರು. ಸಬಿಹಾ ಹೋಗಿ ನಲ್ಲಿ ನಿಲ್ಲಿಸಿದಳು.

ಅಲ್ಲಿಂದ ಕಲಬುರಗಿಗೆ ಹಾರಿದೆವು. ಪರೀಕ್ಷಾ ಕೇಂದ್ರದ ಗೇಟು ಮುಚ್ಚಿತ್ತು. ಕಾವಲಿನವನು ಒಳ್ಳೆಯವನೇ. ಸಬಿಹಾಳ ಕುರ್ತಾದ ಮೇಲಿನ ಕಲೆ ನೋಡಿ ಅವನಿಗೂ ಕಸಿವಿಸಿಯಾಯಿತು. ಒಳಗೆ ಹೋಗಿ ಕೇಳಿಕೊಂಡೂ ಬಂದ. "ಆಗಂಗಿಲ್ಲಂತರಿ. ಕಂಪ್ಯೂಟರ್ ಚಾಲೂ ಆಗಿಬಿಟ್ಟಾವ." ಸಬಿಹಾ ಒಮ್ಮೆ ಗೇಟು ನೋಡಿದಳು, ಒಮ್ಮೆ ತನ್ನ ಕೈ. ಒಂದು ವರ್ಷದ ಓಟ, ಒಂದು ವರ್ಷದ ಓದು. ಆಮೇಲೆ, "ಅಬ್ಬಾ, ಹಸಿವಾಗ್ಯದ" ಎಂದಳು.

ಚಾಚಿ ಕಟ್ಟಿದ ಡಬ್ಬಿ ಗಾಡಿಯಲ್ಲಿ ಎಲ್ಲೋ ಚೆಲ್ಲಿಹೋಗಿತ್ತು. ರೋಜಾ ಬಡಾವಣೆಯ ಹತ್ತಿರ ಅಂಗಡಿಯೊಂದರಲ್ಲಿ ತಂದೆ ಮಗಳು ತಹರಿ ಅನ್ನ ತಿಂದರು, ನಾನು ಚಹಾ ಕುಡಿದೆ. ಸಬಿಹಾ ತಟ್ಟೆ ಖಾಲಿ ಮಾಡಿದಳು. ಸಾಹೇಬರು ಅನ್ನ ಕಲಸುತ್ತಲೇ ಕೂತಿದ್ದರು. ಅಲ್ಲಿಂದ ಕೋಟೆಗೆ ಬಂದೆವು. ನಮ್ಮ ತವರುಮನೆಗೆ ನನ್ನನ್ನು ಬಿಡಬೇಕಿತ್ತು. ಆದರೆ ಕಂದಕದ ಪಕ್ಕ ಗಾಡಿ ನಿಲ್ಲಿಸಿ, "ಐದು ಮಿನಿಟ್ ಕೂಡ್ರೋಣ್ರಿ ಅಕ್ಕೋರ. ಅಕಿಗಿ ಒಂದು ಮಾತ ಹೇಳೋದದ. ಒಬ್ಬನೇ ಆದ್ರ ಹೇಳಾಕ ಆಗಂಗಿಲ್ಲ, ನೀವೂ ಇರ್ರಿ" ಎಂದರು.

ಮಧ್ಯಾಹ್ನದ ಬಿಸಿಲು. ಕೋಟೆಯ ಗೋಡೆಯ ನೆರಳಿನಲ್ಲಿ ಮೂವರೂ ಕೂತೆವು. ಅವರು ಮಗಳ ಕಡೆ ನೋಡದೆ ಹೇಳಿದರು.

"ಗುಡ್ಡದ ಮ್ಯಾಲ ಲಡಾಯಿ ನಡದಿತ್ತು. ನಾ ಮ್ಯಾಲಿಂದ ಗಾಯ ಆದವ್ರನ್ನ ತಳಗ ತರ್ತಿದ್ದೆ. ಆ ದಿವಸ ನನ್ನ ಗಾಡಿಯಾಗ ಇದ್ದಾವ ನನ್ನ ದೋಸ್ತ್, ಪಾಂಡು. ಸೋಲಾಪುರ ಕಡಿಯವ. ಹೊಟ್ಟಿಗಿ ಗುಂಡಿನ ಚೂರು ಬಡದಿತ್ತು. ಆ ರಸ್ತಾದಾಗ ಮ್ಯಾಲಿಂದ ತೋಪಿನ ಗೋಳಾ ಬೀಳತಿದ್ವು. ಏನ್ ಆದ್ರೂ ನಿಲ್ಲಬ್ಯಾಡ ಅಂತ ಮ್ಯಾಲಿನ ಸಾಹೇಬ್ರ ಹುಕುಂ ಇತ್ತು. ನಾನೂ ನಿಲ್ಲೋ ವಿಚಾರದಾಗ ಇರಲಿಲ್ಲ. ಒಂದು ತಿರುವಿನ್ಯಾಗ ಒಬ್ಬಾವ ಬಿದ್ದಿದ್ದ. ವೈರಿ. ಸೆರೆ ಹಿಡಕೊಂಡು ತರೋ ಹೊತ್ತಿಗಿ ಗೋಳಾ ಬಿದ್ದು, ಕಾವಲಿದ್ದ ನಮ್ಮವ್ರು ಅಲ್ಲೇ ತೀರಿದ್ರು. ಅವನ ಕೈ ಕಟ್ಟಿತ್ತು. ಕಾಲ ಮುರದಿತ್ತು. ತೆವಳಾಕೂ ಬರ್ತಿರಲಿಲ್ಲ. ಗಾಡಿ ನೋಡಿ ಅಲ್ಲಾಹನ ಹೆಸರು ತಗೊಂಡ."

ಸಬಿಹಾ ಅವರ ಕಡೆ ತಿರುಗಿ ಕೂತಳು.

"ನಿಲ್ಲಿಸಿದೆ. ಎತ್ತಿ ಹಿಂದ ಹಾಕಿದೆ. ಹಗ್ಗ ಕೊಯ್ದೆ. ಅಷ್ಟಕ್ಕ ಎಷ್ಟು ಹೊತ್ತ ಹೋಯ್ತೋ ನನಗ ಗೊತ್ತಿಲ್ಲ. ಭಾಳ ಇಲ್ಲ. ತಳಗ ದವಾಖಾನಿ ಡೇರೆಕ್ಕ ಬಂದು ಹಿಂದಿನ ಪಡದಾ ತಗದೆ. ಆ ವೈರಿ ಎರಡೂ ಕೈಯಿಂದ ಪಾಂಡೂನ ಹೊಟ್ಟಿ ಒತ್ತಿ ಹಿಡದಿದ್ದ. ಪಾಂಡೂನ ತಲಿ ಅವನ ತೊಡಿ ಮ್ಯಾಲ ಇತ್ತು. ಪಾಂಡು ಹೋಗಿಬಿಟ್ಟಿದ್ದ. ಇಂವಾ ಬಿಡಲೇ ಒಲ್ಲ. ಡಾಕ್ಟರ್ ಅವನ ಕೈಯ ಒಂದೊಂದೇ ಬಟ್ಟು ಬಿಡಿಸಿದ್ರು."

ನಿಂತದ್ದಕ್ಕೆ ಪಾಂಡು ಸತ್ತನೋ ಎಂದು ಅವರು ಡಾಕ್ಟರನ್ನು ಕೇಳಿದ್ದರಂತೆ. ಹೇಳಲು ಬರುವುದಿಲ್ಲ ಎಂದರಂತೆ ಡಾಕ್ಟರು. ಅವರ ಘಟಕದಲ್ಲಿ ಒಬ್ಬ, ತನ್ನ ಧರ್ಮದವನೆಂದು ನಿಲ್ಲಿಸಿದನೇನೋ ಎಂದು ಆಡಿದ. ಮೇಲಧಿಕಾರಿ ಅವನ ಬಾಯಿ ಮುಚ್ಚಿಸಿದರು. "ಅವನ ಬಾಯಿ ಮುಚ್ಚಿತ್ರಿ ಅಕ್ಕೋರ. ನನ್ನ ಒಳಗಿಂದು ಮುಚ್ಚಲಿಲ್ಲ. ಅಲ್ಲಾಹನ ಹೆಸರು ಕೇಳಿ ನಿಲ್ಲಿಸಿದ್ನೇನು? ಅವಾ ಬ್ಯಾರೆ ದೇವರ ಹೆಸರು ತಗೊಂಡಿದ್ರ ಹೋಗಿಬಿಡ್ತಿದ್ನೇನು? ಇಷ್ಟು ವರ್ಷ ಕೇಳಿಕೋತ ಬಂದೀನಿ. ಮನಸ್ಸ ಒಮ್ಮಿ ಹಂಗ ಅಂತದ, ಒಮ್ಮಿ ಹಿಂಗ ಅಂತದ."

ರಜೆ ಸಿಕ್ಕಾಗ ಅವರು ಮನೆಗೂ ಬರದೆ ಮೊದಲು ಪಾಂಡುವಿನ ತಾಯಿಯ ಬಳಿಗೆ ಹೋಗಿದ್ದರು. ಎಲ್ಲವನ್ನೂ ಹೇಳಿದರು. ಆಕೆ ಕೇಳಿದ್ದು ಒಂದೇ: ಕಡೆಗೆ ಮಗನನ್ನು ಯಾರಾದರೂ ಹಿಡಿದುಕೊಂಡಿದ್ದರೇ? ಹಿಡಿದುಕೊಂಡಿದ್ದರು ಎಂದರು ಇವರು. ಆಕೆ ಎದ್ದು ಒಳಗೆ ಹೋಗಿ ರೊಟ್ಟಿ ಬಡಿದು ತಂದು ಎದುರಿಗಿಟ್ಟಳು.

"ಉಂಡೆ. ಅದು ಮಾಫಿನೋ, ಮನಿಗಿ ಬಂದವಗ ಹಾಕೋ ಊಟನೋ, ನನಗ ಇವತ್ತಿಗೂ ತಿಳಿದಿಲ್ಲ. ಕೇಳೋ ಧೈರ್ಯ ಆಗಲಿಲ್ಲ."

ಆಮೇಲೆ ಸಬಿಹಾ ಕೇಳಿದಳು, "ಅಮ್ಮೀಗಿ ಗೊತ್ತದೇನು?"

"ಇಲ್ಲ."

"ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಏನರೆ ಅಂತಿದ್ರಿ. ಸರಿ ಅಂತಿದ್ರಿ, ಇಲ್ಲಾ ತಪ್ಪು ಅಂತಿದ್ರಿ. ಎರಡೂ ಕೇಳೋ ತಾಕತ್ತು ನನಗಿರಲಿಲ್ಲ ಬೇಟಿ."

ಸಬಿಹಾ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಇವತ್ತ ನಾ ಇಳೀದೆ, ನಡೀರಿ ಅಬ್ಬಾ ಅಂದಿದ್ರ?" ಎಂದಳು.

"ಹೋಗಿಬಿಡ್ತಿದ್ದೆ" ಎಂದರು ಸಾಹೇಬರು. "ಖರೇ ಹೇಳ್ತೀನಿ. ನಿನ್ನ ಪರೀಕ್ಷಾ ಇತ್ತು. ಹೋಗಿಬಿಡ್ತಿದ್ದೆ."

"ಸುಳ್ಳ ಹೇಳ್ತೀರಿ ಅಬ್ಬಾ. ನಾ ಇಳಿಯೋಕಿಂತ ಮೊದ್ಲ ಬ್ರೇಕ್ ಬಿದ್ದಿತ್ತು. ಇವತ್ತ ಬಿದ್ದಾವ ಯಾರು, ಯಾವ ಮಂದಿ, ಯಾವ ದೇವರು ಅಂತ ನೀವು ಕೇಳಿದ್ರೇನು? ಅವನ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಟೀಚರ್, ಹೌದೋ ಅಲ್ಲೋ ನೀವೇ ಹೇಳ್ರಿ."

ಹೌದು. ನಾವೆಲ್ಲ ಮುಗ್ಗರಿಸಿದ್ದೆವಲ್ಲ. ಹೌದೆಂದೆ. ಸಾಹೇಬರು ನನ್ನನ್ನು ನೋಡಿದರು, ಮಗಳನ್ನು ನೋಡಿದರು. ಅವರ ಮುಖದಲ್ಲಿ ಏನೋ ಸಡಿಲವಾಯಿತು. ಮೊದಲು ನಕ್ಕರು. ನಗುತ್ತಲೇ ಮುಂಡಾಸಿನ ಚುಂಗಿನಿಂದ ಮುಖ ಮುಚ್ಚಿಕೊಂಡರು. ಹೆಗಲು ಕುಲುಕುತ್ತಿತ್ತು. ಸಬಿಹಾ ಪಕ್ಕಕ್ಕೆ ಸರಿದು ಅವರ ಬೆನ್ನ ಮೇಲೆ ಕೈಯಿಟ್ಟಳು. ನನಗೆ ಆಗ ಎದ್ದು ಕೋಟೆಯ ಸುತ್ತ ಒಂದು ಓಟ ಓಡಿಬಿಡಬೇಕು ಅನಿಸಿತ್ತು. ಯಾಕೆಂದು ಕೇಳಿದರೆ ಈಗಲೂ ಹೇಳಲಾರೆ.

ಅದೇ ಸಂಜೆ ಅವರು ಚಾಚಿಗೂ ಹೇಳಿದರಂತೆ. ನಾನು ರಜೆ ಮುಗಿಸಿ ಹೋದಾಗ ಚಾಚಿ ಬಾಗಿಲಲ್ಲೇ ನನ್ನನ್ನು ತಡೆದು, "ಚಳಿಗಾಲ ಬಂದ್ರ ಹಾಸಿಗಿ ಮ್ಯಾಲ ಎದ್ದು ಕೂಡ್ತಿದ್ರು. ನಾ ಬ್ಯಾರೆ ಯಾವಾಕಿನೋ ನೆನಪಾಗ್ತಾಳ ಅಂತ ತಿಳ್ಕೊಂಡಿದ್ದೆ. ಇಷ್ಟು ವರ್ಷ ಅಕಿನ್ನ ಮನಸಿನ್ಯಾಗ ಬೈದೀನಿ" ಎಂದು ಕಣ್ಣೊರೆಸಿಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, "ಸಬಿಹಾ ಹೋಗಲಿ ರೀ. ನಾ ಅಡ್ಡ ಬರಂಗಿಲ್ಲ. ಆದ್ರ ಒಂದು ಶರತ್ತು ಹಾಕೀನಿ. ಅಲ್ಲಿ ಏನ್ ಮಾಡಿದ್ರೂ, ಏನ್ ನೋಡಿದ್ರೂ, ಬಾಯಿ ಮುಚ್ಚಿಕೊಂಡು ಈ ಮನಿಗಿ ಬರಂಗಿಲ್ಲ" ಎಂದರು.

ಗಾಯವಾಗಿದ್ದ ಮನುಷ್ಯ ಉಳಿದ. ಕೋಲು ಹಿಡಿದು ಹೆಂಡತಿಯ ಜೊತೆ ಬಂದು ಚಾಚಿಯ ಕೈಯ ಊಟ ಮಾಡಿ ಹೋದ. ಸಬಿಹಾ ಮರುವರ್ಷ ಮತ್ತೆ ಬರೆದಳು, ಓಡಿದಳು, ಆಯ್ಕೆಯಾದಳು. ಆ ದಿನದ ಕಮಲಾಪುರವನ್ನು ನೀವು ನೋಡಬೇಕಿತ್ತು. ಸಾಹೇಬರು ಟೆಂಪೋಕ್ಕೆ ಕೆಂಪು ಬಾಳೆಯ ಗೊನೆ ಕಟ್ಟಿ, ದಿನವಿಡೀ ಯಾರಿಂದಲೂ ಟಿಕೆಟ್ಟಿನ ದುಡ್ಡು ಕೇಳದೆ, ಹಾರ್ನ್ ಹೊಡೆಯುತ್ತ ಓಡಾಡಿದರು. ಜಗಳಾಡುವವರೂ ಅಂದು ಮುಂದೆ ಕೂತರು. ಬಾಳೆಹಣ್ಣು ಬೇಡವೆಂದವರಿಗೆ ಸೀಟಿಲ್ಲ.

ಆಮೇಲೆ ನನಗೆ ಕಲಬುರಗಿಗೆ ವರ್ಗವಾಯಿತು. ಸಾಹೇಬರ ಎದೆ ಕೈಕೊಟ್ಟಿದೆ, ಟೆಂಪೋ ಮಾರಿದರು ಎಂಬ ಸುದ್ದಿ ಬಂದಾಗ ನೋಡಲು ಹೋದೆ. ಅದೇ ಕೊನೆಯ ಭೇಟಿಯಾಗುತ್ತದೆ ಎಂದು ಗೊತ್ತಿರಲಿಲ್ಲ. ಸಬಿಹಾ ಮೊದಲ ರಜೆಯ ಮೇಲೆ ಬಂದಿದ್ದಳು. ಸಾಹೇಬರ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅವಳ ತಗ್ಗಿದ ದನಿ, ನಡುನಡುವೆ ನಿಂತು ಮತ್ತೆ ಶುರುವಾಗುತ್ತಿದ್ದದ್ದು, ಹೊರಗೆ ಕೇಳಿಸುತ್ತಿತ್ತು. ಮಾತು ಯಾವುದೆಂದು ತಿಳಿಯುತ್ತಿರಲಿಲ್ಲ. ನಾನು ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಚಾಚಿ ನನ್ನ ಕೈ ಹಿಡಿದು ಅಂಗಳಕ್ಕೆ ಕರೆತಂದರು. ಚಹಾದ ಕಪ್ಪು ಕೊಟ್ಟು, ತಾವೂ ಪಕ್ಕದಲ್ಲಿ ಕೂತರು.

"ಈಗ ಬ್ಯಾಡ್ರಿ ಅಕ್ಕೋರ," ಎಂದರು. "ಅಕಿ ಹೇಳಾಕತ್ತಾಳ. ಅವರು ಕೇಳಾಕತ್ತಾರ."